ಸೊರಗು ಬ್ಯಾನಿ ಮತ್ತು ಹೊಸ ದಡ್ಡಿ

ಓದುವ ಎಲ್ಲರಿಗೂ ಶರಣು. ನಾನು ಬರೆದು ರೂಢಿ ಇದ್ದವನಲ್ಲ. ಹದಿಮೂರನೆಯ ವಯಸ್ಸಿನ ತನಕ ಆಡು ಕಾಯ್ದು, ಆಮೇಲೆ ಸಾಲಿಗೆ ಹೋಗಿ ಸಣ್ಣ ಹುಡುಗರ ನಡುವೆ ಕೂತು ಅಕ್ಷರ ಕಲಿತವನು. ಒತ್ತು, ದೀರ್ಘ ಈಗಲೂ ಪೂರ್ತಿ ಕೈಗೆ ಹತ್ತಿಲ್ಲ. ನಮ್ಮ ಓಣಿಯಲ್ಲಿ ಟೈಪಿಂಗ್ ಕಲಿಸುವವರು ಒಂದು ಹಳೆಯ ಮಷೀನು ಕೊಟ್ಟಿದ್ದಾರೆ. ಒಂದೇ ಬೆರಳಿನಿಂದ ಹುಡುಕಿ ಹುಡುಕಿ ಹೊಡೆಯುತ್ತಿದ್ದೇನೆ. ಅಕ್ಷರದ ತಪ್ಪು ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿರಿ. ಇನ್ನೊಂದು ತಪ್ಪು ಮುಂದೆ ಬರುತ್ತದೆ. ಅದನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಕೇಳುವ ಧೈರ್ಯ ನನಗಿಲ್ಲ.

ಅದು ಎರಡನೆಯ ಮಹಾಯುದ್ಧದ ಕಾಲ. ಯಲಬುರ್ಗಾ ಸೀಮೆಯ ಒಂದು ದನದ ದವಾಖಾನೆಯಲ್ಲಿ ನಾನು ಕಂಪೌಂಡರ್ ಆಗಿದ್ದೆ. ಔಷಧಿ ಅರೆಯುವುದು, ಸೂಜಿ ಕುದಿಸುವುದು, ಸಲೋತ್ರಿ ಸಾಹೇಬರು ಹೇಳಿದ್ದನ್ನು ಆಗಿನ ಸರಕಾರದ ಭಾಷೆ ಉರ್ದುವಿನಲ್ಲಿ ದಾಖಲು ಮಾಡುವುದು, ಹಳ್ಳಿಯವರ ಮಾತನ್ನು ಸಾಹೇಬರಿಗೂ ಸಾಹೇಬರ ಮಾತನ್ನು ಹಳ್ಳಿಯವರಿಗೂ ಮುಟ್ಟಿಸುವುದು ನನ್ನ ಕೆಲಸ. ದನದ ಡಾಕ್ಟರರಿಗೆ ಆಗ ಸಲೋತ್ರಿ ಎನ್ನುತ್ತಿದ್ದರು. ನಮ್ಮ ಸಾಹೇಬರು ಗುಲಬರ್ಗಾ ಕಡೆಯವರು, ಕಡಿಮೆ ಮಾತಿನ ಮನುಷ್ಯ.

ಒಂದು ಮುಂಜಾನೆ ನಡುವಯಸ್ಸಿನ ಒಬ್ಬ ಸತ್ತ ಆಡನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಕುಷ್ಟಗಿ ದಾರಿಯಲ್ಲಿ ಮೂರು ಹರದಾರಿ ಆಚೆ ಅವನ ಹಟ್ಟಿ. ಮೂರು ಹರದಾರಿ ಹೊತ್ತು ತಂದರೂ ಅವನಿಗೆ ಏದುಸಿರು ಬಂದಿರಲಿಲ್ಲ. ಆಡು ಅಷ್ಟು ಹಗುರಾಗಿತ್ತು.

"ಇದು ನಾಕನೇದ್ರಿ ಸಾಹೇಬ್ರ. ಮೇಯ್ತೈತಿ, ನೀರು ಕುಡಿತೈತಿ, ಮೆಲುಕು ಹಾಕ್ತೈತಿ. ಮೈ ಮಾತ್ರ ದಿನಾ ಕರಗ್ತೈತಿ. ಹೊಟ್ಟಿ ಸೈತ ಕೆಟ್ಟಿಲ್ಲ, ಹಿಕ್ಕಿ ನೆಟ್ಟಗ ಬೀಳ್ತಾವು. ಇದೆಂಥಾ ಸೊರಗು ಬ್ಯಾನಿರಿ?"

ಸಾಹೇಬರು ದವಾಖಾನೆಯ ಹಿಂದಿನ ಹಾಸುಗಲ್ಲಿನ ಮೇಲೆ ಆಡನ್ನು ಕೊಯ್ಯಿಸಿದರು. ಗಂಟಲ ಕೆಳಗೆ ನೀರು ತುಂಬಿ ಚೀಲದ ಹಾಗೆ ಬಾತಿತ್ತು. ಪುಪ್ಪುಸ ಚೆನ್ನಾಗಿತ್ತು, ಪಿತ್ತಕೋಶದಲ್ಲಿ ಹುಳ ಇರಲಿಲ್ಲ. ಸಣ್ಣ ಕರುಳಿನ ಕೊನೆಯ ಭಾಗವನ್ನು ಉದ್ದಕ್ಕೆ ಸೀಳಿ, ನೀರಿನಲ್ಲಿ ತೊಳೆದು, ನನ್ನ ಕೈ ಹಿಡಿದು ಅದರ ಮೇಲೆ ಇಟ್ಟರು.

"ಮುಟ್ಟಿ ನೋಡು ಭಾಯಿ. ಒಳ್ಳೆ ಕರುಳು ರೇಷ್ಮಿ ಇದ್ದಂಗೆ ಇರ್ತದೆ. ಇದು ಏನು?"

"ಕಂಬಳಿ ಆಗೈತ್ರಿ" ಎಂದೆ.

ಹೌದು, ಹಿಂಡಿದ ಹಸಿ ಕಂಬಳಿ. ದಪ್ಪ ದಪ್ಪ ಮಡಿಕೆ. ಅದನ್ನು ಚಾಕುವಿನ ಬೆನ್ನಿನಿಂದ ಕೆರೆದು ಗಾಜಿನ ಪಟ್ಟಿಯ ಮೇಲೆ ಸವರಿದೆವು. ಒಣಗಿಸಿ, ಕೆಂಪು ಬಣ್ಣ ಹಾಕಿ, ಸ್ಪಿರಿಟ್ ದೀಪದ ಮೇಲೆ ಆವಿ ಏಳುವವರೆಗೆ ಹಿಡಿದೆವು. ಕುದಿಯಬಾರದು, ಕುದಿದರೆ ಕೆಟ್ಟಿತು. ಆಮೇಲೆ ಆಸಿಡ್ಡಿನ ನೀರಿನಿಂದ ತೊಳೆದರೆ ಕೆಂಪು ಎಲ್ಲ ಹೋಗುತ್ತದೆ, ಈ ಜಾತಿಯ ಕ್ರಿಮಿ ಹಿಡಿದುಕೊಂಡ ಕೆಂಪು ಮಾತ್ರ ಹೋಗುವುದಿಲ್ಲ. ಮೇಲೆ ನೀಲಿ. ಮೈಕ್ರೋಸ್ಕೋಪಿಗೆ ನಾವು ದುರ್ಬೀನು ಎನ್ನುತ್ತಿದ್ದೆವು. ಆ ಹಿತ್ತಾಳೆಯ ದುರ್ಬೀನಿನ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ಸಾಹೇಬರು ಬಹಳ ಹೊತ್ತು ನೋಡಿ ನನಗೆ ಜಾಗ ಬಿಟ್ಟರು. ನೀಲಿಯ ನಡುವೆ ಕೆಂಪು ಕಡ್ಡಿಗಳು, ಗುಂಪು ಗುಂಪಾಗಿ, ಕುಂಕುಮ ಚೆಲ್ಲಿದ ಹಾಗೆ.

ಆ ಮಧ್ಯಾಹ್ನ ಸಾಹೇಬರು ನನಗೆ ಹೇಳಿಕೊಟ್ಟದ್ದು ಇಷ್ಟು. ಈ ಬೇನೆ ಹಿಕ್ಕೆಯಲ್ಲಿ ಹೊರಗೆ ಬೀಳುತ್ತದೆ. ಮೇವಿಗೋ ನೀರಿಗೋ ಕೆಚ್ಚಲಿಗೋ ಹತ್ತಿ ಎಳೆಯ ಮರಿಯ ಹೊಟ್ಟೆಗೆ ಹೋಗುತ್ತದೆ. ಮರಿ ಬೆಳೆದು, ಎರಡು ವರ್ಷದ ಆಡಾಗಿ, ಮೊದಲ ಸೂಲು ಈದ ಮೇಲೆ ಸೊರಗಲು ಸುರುಮಾಡುತ್ತದೆ. ಅಷ್ಟರೊಳಗೆ ಹಿಂಡಿಗೆಲ್ಲ ಹಂಚಿರುತ್ತದೆ. ಔಷಧಿ ಇಲ್ಲ. ಬಿಸಿಲಿಗೆ ಕ್ರಿಮಿ ಸಾಯುತ್ತದೆ, ನೆರಳಿನ ಹಿಕ್ಕೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಈ ಕೊನೆಯ ಮಾತನ್ನು ನಾನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಆ ಪುಸ್ತಕ ಈಗಲೂ ನನ್ನ ಹತ್ತಿರ ಇದೆ.

ಹಟ್ಟಿಗೆ ಹೋಗಿ ನೋಡಿದೆವು. ಆಡು ಹೊತ್ತು ತಂದವನೇ ಯಜಮಾನ, ಜೊತೆಗೆ ಅವನ ಹೆಂಡತಿ, ಅವನ ತಾಯಿ. ಹೊಲ ಇಲ್ಲ. ಐವತ್ತೆಂಟು ಆಡು, ಅವೇ ಹೊಲ. ಸುಗ್ಗಿ ಮುಗಿದ ಮೇಲೆ ಬೇರೆಯವರ ಹೊಲದಲ್ಲಿ ಹಿಂಡು ಕೂಡಿಸಿ, ಗೊಬ್ಬರಕ್ಕೆ ಬದಲಾಗಿ ಜೋಳ ತರುತ್ತಿದ್ದರು. ಉಳಿದಂತೆ ಹಾಲು, ಮರಿ. ಆಡು ಕೂಡುವ ಮುಳ್ಳುಬೇಲಿಯ ದಡ್ಡಿ ಮನೆಗೆ ಅಂಟಿಕೊಂಡೇ ಇತ್ತು. ಮುದುಕಿ ನನ್ನನ್ನು ನೋಡಿದ ಕೂಡಲೇ ಯಾವ ಊರು, ಯಾರ ಮಗ ಎಂದು ವಿಚಾರಿಸಿದಳು. ಹೇಳಿದೆ. ನಮ್ಮದೂ ಆಡಿನ ಮನೆತನ.

"ಹಂಗಾರ ನಮ್ಮ ಹುಡುಗನ ಬಿಡು" ಎಂದು ಸಾಹೇಬರಿಗಿಂತ ಮೊದಲು ನನಗೆ ಮಜ್ಜಿಗೆ ಕೊಟ್ಟಳು.

ಪರೀಕ್ಷೆಯ ಔಷಧಿ ದೂರದಿಂದ ಬರಬೇಕಿತ್ತು. ಒಂದೂವರೆ ತಿಂಗಳ ಮೇಲೆ ಬಂತು. ಕೊಪ್ಪಳ ಸ್ಟೇಶನ್ನಿನಲ್ಲಿ ಬಿಡಿಸಿಕೊಂಡು, ಶೀಷೆಗಳನ್ನು ಹಸಿ ಗೋಣಿ ಸುತ್ತಿದ ಮಣ್ಣಿನ ಗಡಿಗೆಯಲ್ಲಿಟ್ಟು, ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ. ಪೆಟ್ರೋಲ್ ಸಿಗದೆ ಇದ್ದಿಲ ಗ್ಯಾಸಿನ ಮೇಲೆ ನಡೆಯುತ್ತಿದ್ದ ಬಸ್ಸು ಅದು. ಏರು ಬಂದಾಗ ಎಲ್ಲರೂ ಇಳಿದು ನೂಕುತ್ತಿದ್ದರು, ನಾನು ಗಡಿಗೆ ಹಿಡಿದು ಹಿಂದೆ ನಡೆಯುತ್ತಿದ್ದೆ.

"ಏನ್ ಅದರಾಗ, ತುಪ್ಪ ಐತೇನು?" ಎಂದು ಕಂಡಕ್ಟರ್ ಕೇಳಿದ.

"ಆಡಿನ ಔಷಧಿ."

"ಆಡಿಗೆ ತೊಡಿ ಮ್ಯಾಲೆ, ಮಂದಿಗೆ ರಸ್ತೆ ಮ್ಯಾಲೆ. ಛಲೋ ಸರಕಾರ."

ಪರೀಕ್ಷೆ ಹೀಗೆ. ಆಡಿನ ಕತ್ತಿನ ಮೇಲೆ ಒಂದು ಬಿಲ್ಲೆಯಷ್ಟು ಜಾಗ ಬೋಳಿಸುವುದು. ಚರ್ಮವನ್ನು ಮಡಿಸಿ ಕೈವಾರದಂಥ ಅಳತೆ ಇಕ್ಕಳದಲ್ಲಿ ದಪ್ಪ ಅಳೆಯುವುದು. ಚರ್ಮದ ಒಳಗೆ, ಕೆಳಗಲ್ಲ, ಒಳಗೆ, ಸಣ್ಣ ಸೂಜಿಯಿಂದ ಹನಿ ಔಷಧಿ ಹಾಕುವುದು. ಜೋಳದ ಕಾಳಿನಷ್ಟು ಗುಳ್ಳೆ ಎದ್ದರೆ ಸರಿಯಾಗಿ ಬಿತ್ತೆಂದು ಅರ್ಥ. ಮೂರನೆಯ ದಿನ ಬಂದು ಮತ್ತೆ ಅಳೆಯುವುದು. ಚರ್ಮ ಬಾತು ದಪ್ಪವಾಗಿದ್ದರೆ ಬೇನೆ ಒಳಗೆ ಇದೆ. ಐವತ್ತೆಂಟು ಆಡಿಗೆ ಎರಡು ದಿನ ಹಿಡಿಯಿತು. ಯಜಮಾನ ಹಿಡಿಯುತ್ತಿದ್ದ, ನಾನು ಬೋಳಿಸುತ್ತಿದ್ದೆ, ಸಾಹೇಬರು ಚುಚ್ಚುತ್ತಿದ್ದರು.

ಮೂರನೆಯ ದಿನ ಹನ್ನೊಂದು ಆಡು ಬಾತಿದ್ದವು. ಅದರಲ್ಲಿ ಒಂದು ಕರಿಯ ಆಡು, ದಿನಕ್ಕೆ ಎರಡು ಸೇರು ಹಾಲು ಕೊಡುತ್ತಿದ್ದದ್ದು, ಮೈ ಮಿರಮಿರ ಮಿಂಚುತ್ತಿತ್ತು. ಇನ್ನೊಂದು ಕಡೆ, ಎಲುಬು ಎಣಿಸುವ ಹಾಗಿದ್ದ, ಗಂಟಲು ಬಾತ ಆಡೊಂದರ ಕತ್ತಿನಲ್ಲಿ ಏನೂ ಎದ್ದಿರಲಿಲ್ಲ. ಹಟ್ಟಿಯ ನಾಲ್ಕು ಮಂದಿ ನೋಡಲು ಬಂದು ಕೂತಿದ್ದರು. ಅವರಲ್ಲಿ ಒಬ್ಬ ನಕ್ಕ.

"ಏ ಕಂಪೌಂಡ್ರ, ಸಾಯೂದು ಪಾಸಾತು, ಕುಣಿಯೂದು ನಪಾಸಾತು. ನಿಮ್ಮ ಸಾಲಿ ಮಾಸ್ತರ ಯಾರೋ?"

ಎಲ್ಲರೂ ನಕ್ಕರು. ಯಜಮಾನ ನಗಲಿಲ್ಲ. ತೀರ ಸೊರಗಿದ ಆಡಿನ ಮೈಗೆ ಬಾತುಕೊಳ್ಳುವ ಶಕ್ತಿಯೂ ಉಳಿದಿರುವುದಿಲ್ಲ, ಅದಕ್ಕೆ ಪರೀಕ್ಷೆ ಏನೂ ತೋರಿಸುವುದಿಲ್ಲ ಎಂದು ಸಾಹೇಬರು ವಿವರಿಸಿದರು. ನಾನು ಅದನ್ನು ನಮ್ಮ ಮಾತಿನಲ್ಲಿ ಹೇಳಿದೆ. ಹೇಳುವಾಗ ನನಗೇ ಅದು ನೆಪದ ಹಾಗೆ ಕೇಳಿಸಿತು. ನಾಲ್ಕನೆಯ ದಿನ ಆ ಪಾಸಾದ ಆಡು ಸತ್ತಿತು. ಕೊಯ್ದು ನೋಡಿದರೆ ಅದೇ ಕಂಬಳಿ.

ಹನ್ನೊಂದನ್ನೂ ಬೇರೆ ಬೇಲಿಯಲ್ಲಿ ಇಟ್ಟೆವು. ಬೇರೆ ನೀರು, ಬೇರೆ ಮೇವು, ಬೇರೆ ದಾರಿ. ಅವನ್ನು ಸಂತೆಯಲ್ಲಿ ಸಾಕುವವರಿಗೆ ಮಾರಬಾರದು, ಕಟುಕರಿಗೆ ಮಾತ್ರ ಕೊಡಬೇಕೆಂದು ಹೇಳಿದೆ. ಬೇರೆಯವರ ಹೊಲದಲ್ಲಿ ಹಿಂಡು ಕೂಡಿಸುವುದನ್ನೂ ನಿಲ್ಲಿಸಿದೆವು, ಆ ದಾರಿಯಲ್ಲಿ ಬೇನೆ ಬೇರೆ ಹಿಂಡಿಗೆ ಹೋಗುತ್ತದೆಂದು. ಜೋಳ ಬರುವುದು ಅಲ್ಲಿಗೆ ನಿಂತಿತು. ಯಜಮಾನ ಒಂದು ಮಾತು ಎದುರಾಡದೆ ಎಲ್ಲ ಮಾಡಿದ. ಕರಿಯ ಆಡನ್ನು ಕಟುಕರ ಕೈಗೆ ಕೊಟ್ಟ ದಿನ ಅವನ ಹೆಂಡತಿ ಮನೆಯಿಂದ ಹೊರಗೆ ಬರಲಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಪರೀಕ್ಷೆಯಲ್ಲಿ ಪಾಸಾದ ಆಡುಗಳಲ್ಲಿ ಐದು ಸೊರಗಿದವು. ಎರಡನೆಯ ಸಲ ಔಷಧಿ ತರಿಸಿ ಚುಚ್ಚಿದೆವು. ಈ ಸಲ ಒಂಬತ್ತು ಬಾತವು, ಎಲ್ಲ ಹೊಸವು. ಹಿಕ್ಕೆಯನ್ನು ಅರೆದು ಗಾಜಿನ ಪಟ್ಟಿಯ ಮೇಲೆ ನೋಡಿದೆವು. ಕತ್ತು ಬಾತುಕೊಳ್ಳದ ಆಡಿನ ಹಿಕ್ಕೆಯಲ್ಲಿ ಕೂಡ ಎರಡು ಕಡೆ ಕೆಂಪು ಕಡ್ಡಿ ಸಿಕ್ಕವು. ಸಾಹೇಬರು ದುರ್ಬೀನಿನ ಮೇಲೆ ಬಟ್ಟೆ ಮುಚ್ಚಿದರು.

"ಈ ಜರಡಿಯಲ್ಲಿ ಸೋಸ್ತಾ ಹೋದ್ರೆ ಕೊನೆಗೆ ಜರಡಿನೇ ಉಳೀತದೆ, ಆಡು ಉಳಿಯೋದಿಲ್ಲ. ಎಲ್ಲಾ ಕಟುಕರಿಗೆ ಕೊಟ್ಟು ಬೇರೆ ಕೆಲ್ಸ ನೋಡ್ಕೋ ಅಂತ ಹೇಳು."

ನಾನು ಹೇಳಲಿಲ್ಲ. ಸಾಹೇಬರ ಪುಸ್ತಕದಲ್ಲಿ ಇನ್ನೊಂದು ದಾರಿ ಇತ್ತು, ಅವರೇ ಒಮ್ಮೆ ಓದಿ ಹೇಳಿದ್ದರು. ಗರ್ಭದ ಆಡು ಈಯುವಾಗ ಮರಿ ನೆಲಕ್ಕೆ ಬೀಳುವ ಮೊದಲೇ ತೊಳೆದ ಗೋಣಿಯ ಮೇಲೆ ಹಿಡಿದು, ತಾಯಿಯ ಮೊಲೆಗೆ ಬಿಡದೆ, ಬೇರೆ ಕಡೆ ಒಯ್ದು ಕಾಯಿಸಿದ ಹಾಲಿನ ಮೇಲೆ ಬೆಳೆಸುವುದು. ಹಳೆಯ ಹಿಂಡನ್ನೆಲ್ಲ ಬಿಟ್ಟುಕೊಟ್ಟು, ಆ ಮರಿಗಳಿಂದ ಹೊಸ ಹಿಂಡು ಕಟ್ಟುವುದು. ಕಾಗದದ ಮೇಲೆ ಸರಳ, ಹಟ್ಟಿಯಲ್ಲಿ ಆಗದ ಮಾತು ಎಂದು ಸಾಹೇಬರು ತಲೆಯಾಡಿಸಿದರು. ನಾನು ಕೇಳಲಿಲ್ಲ. ಆಡು ಕಾಯುವವರು ಏನು ಮಾಡಬಲ್ಲರು ಎಂಬುದು ಅವರಿಗಿಂತ ನನಗೆ ಹೆಚ್ಚು ಗೊತ್ತು ಎಂದುಕೊಂಡೆ.

ಯಜಮಾನ ನನ್ನ ಮಾತು ಪೂರ್ತಿ ಕೇಳಿಸಿಕೊಂಡ. ಕೈಯಲ್ಲಿದ್ದ ಕೋಲಿನಿಂದ ನೆಲ ಗೀರುತ್ತ ಕೂತಿದ್ದ.

"ಸಾಹೇಬ್ರು ಇದಕ್ಕ ಏನಂತಾರ?"

"ಆಗೂದಿಲ್ಲ ಅಂತಾರ."

"ನೀ ಏನಂತಿ?"

"ಆಗ್ತೈತಿ ಕಾಕಾ."

"ಇದ್ದದ್ದೆಲ್ಲ ಕಳಕೊಂಡು ಮರಿ ಕಟಗೊಂಡು ಎರಡ ವರ್ಷ ಕುಂದ್ರಬೇಕು. ಅಲ್ಲಿತನಕ ನಾ ಕೂಲಿಗೆ ಹೋಗಬೇಕು, ಆಕಿ ಮರಿ ಸಾಕಬೇಕು." ಕೋಲು ನಿಂತಿತು. "ಸಾಹೇಬ ಅಂದಿದ್ರ ನಾ ಒಲ್ಲೆ ಅಂತಿದ್ದೆ. ನೀ ಆಡಿನಾಗ ಹುಟ್ಟಿದಾಂವ. ನಿನ್ನ ಮಾತಿನ ಮ್ಯಾಲೆ ಮಾಡ್ತೀನಿ."

ಆ ಮಾತು ಕೇಳಿ ಅವತ್ತು ನನ್ನ ಎದೆ ಉಬ್ಬಿತ್ತು.

ಈಯುವ ಕಾಲಕ್ಕೆ ನಾನು ರಜೆ ಹಾಕಿ ಹಟ್ಟಿಯಲ್ಲೇ ಉಳಿದೆ. ಮುಂಜಾನೆ ಈಯುವವು ಹೆಚ್ಚು. ಗೋಣಿ ಕುದಿಸಿ ಒಣಗಿಸಿ ಇಟ್ಟಿರುತ್ತಿದ್ದೆವು. ಮರಿ ಕೈಗೆ ಬಂದ ಕೂಡಲೇ ಬಾಯಿ ಒರೆಸಿ, ಹೊಕ್ಕಳಿಗೆ ಔಷಧಿ ಹಚ್ಚಿ, ಯಜಮಾನನ ಹೆಂಡತಿಯ ಮಡಿಲಿಗೆ ಕೊಡುತ್ತಿದ್ದೆ. ಆಕೆ ಅದನ್ನು ಮನೆಯ ಆಚೆ ಬದಿಯ ಹೊಸ ಚಪ್ಪರಕ್ಕೆ ಒಯ್ಯುತ್ತಿದ್ದಳು. ಇತ್ತ ತಾಯಿ ಆಡು ಕೂಗುತ್ತಿತ್ತು. ಒಂದೊಂದು ಎರಡು ದಿನ ಬಿಡದೆ ಕೂಗಿದವು. ಮುದುಕಿ ಕಿವಿಗೆ ಸೆರಗು ಸುತ್ತಿಕೊಂಡು ಕೂಡುತ್ತಿದ್ದಳು.

"ತಾಯಿ ಇದ್ದೂ ಪರದೇಶಿ ಮಾಡಿದ್ಯೆಲ್ಲೋ ಯಪ್ಪಾ. ನಿನ್ನ ಹಿಂಗ ಸಾಕಿದ್ರ ನೀ ಕಂಪೌಂಡ್ರ ಆಗ್ತಿದ್ದೇನು?"

"ಸಾಹೇಬ ಆಗ್ತಿದ್ದೆ ಆಯಿ."

"ಆಗ್ತಿದ್ದಿ, ಆಗ್ತಿದ್ದಿ. ಮೊದಲ ನೆಟ್ಟಗ ಬಾಟ್ಲಿ ಹಿಡಿ."

ಪಕ್ಕದ ಊರಿನಿಂದ ಆಕಳ ಹಾಲು ತಂದು, ಕಾಯಿಸಿ ಆರಿಸಿ, ಬಾಟಲಿಗೆ ಬಟ್ಟೆಯ ಬತ್ತಿ ಸಿಕ್ಕಿಸಿ, ದಿನಕ್ಕೆ ಐದು ಸಲ ಕುಡಿಸಬೇಕು. ತಾಯಿಯ ಗಿಣ್ಣದ ಹಾಲು ಸಿಗದ ಮರಿ ಬಹಳ ಸೂಕ್ಷ್ಮ. ಹುಟ್ಟಿದ ಮೂವತ್ತೊಂದರಲ್ಲಿ ಹನ್ನೆರಡು ಸತ್ತವು. ಹತ್ತೊಂಬತ್ತು ಉಳಿದವು. ಯಜಮಾನನ ಹೆಂಡತಿಯ ಎರಡೂ ಕೈ ಬಿಸಿ ಹಾಲಿನ ಚರಿಗೆ ಹಿಡಿದು ಹಿಡಿದು ಬೊಬ್ಬೆ ಎದ್ದಿದ್ದವು. ಆಕೆ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಈಗ ನೆನೆಸಿಕೊಳ್ಳಲು ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಹಳೆಯ ಹಿಂಡು ಪೂರ್ತಿ ಹೋಯಿತು. ಸಂತೆಯಲ್ಲಿ ಗಟ್ಟಿಯಾದ ಆಡುಗಳನ್ನು ನೋಡಿ ಗಂಗಾವತಿ ಕಡೆಯ ಒಬ್ಬ ಸಾಕುವುದಕ್ಕೆ ಕೇಳಿದನಂತೆ. ಯಜಮಾನ "ಇವು ಸಾಕೂವಲ್ಲ" ಎಂದು ಅವನಿಗೆ ಕೊಡದೆ ಕಟುಕರಿಗೇ ಕೊಟ್ಟು ಬಂದ. ಯಾರೂ ನೋಡುತ್ತಿರಲಿಲ್ಲ, ನಾನು ಅಲ್ಲಿ ಇರಲೂ ಇಲ್ಲ.

ಆಮೇಲೆ ಹೊಸ ದಡ್ಡಿಯ ಕೆಲಸ. ಹಳೆಯದಕ್ಕಿಂತ ಎರಡು ಫರ್ಲಾಂಗು ಮೇಲೆ, ಆಡು ಎಂದೂ ಕೂಡದ, ಮೊರಂ ಎನ್ನುವ ಕೆಂಪು ಗರಸು ಮಣ್ಣಿನ ದಿಣ್ಣೆಯ ಮೇಲೆ ಜಾಗ ಆರಿಸಿದೆ. ಮಳೆ ನೀರು ಹಳೆಯ ದಡ್ಡಿಯಿಂದ ಇತ್ತ ಹರಿದು ಬರುವಂತಿರಲಿಲ್ಲ. ಹೊಸ ಜಾಲಿ ಮುಳ್ಳು, ಹೊಸ ಗೂಟ, ಹೊಸ ಹಗ್ಗ, ಕಲ್ಲಿನ ಹೊಸ ನೀರ ಬಾನಿ. ಮೇವು ನೆಲದ ಮೇಲೆ ಹಾಕದೆ ಎತ್ತರದಲ್ಲಿ ಕಟ್ಟುವುದು. ಹಳೆಯ ದಡ್ಡಿಯ ಬೇಲಿ ಸುಡಿಸಿದೆ, ನೆಲವನ್ನು ಒಂದು ಗೇಣು ಅಗೆಸಿ ಬಿಸಿಲಿಗೆ ಹರವಿಸಿದೆ, ಸುಣ್ಣ ಹಾಕಿಸಿದೆ. ಕುಡುಗೋಲು, ಚರಿಗೆ, ಯಜಮಾನನ ಚಪ್ಪಲಿ ಕೂಡ ಕುದಿಯುವ ನೀರಿನಲ್ಲಿ ತೊಳೆಸಿದೆ. ಒಂದೊಂದನ್ನೂ ಪುಸ್ತಕದಲ್ಲಿ ಬರೆದು ಗೆರೆ ಹೊಡೆದೆ. ಸಾಹೇಬರು ಬಂದು ನೋಡಿ ಒಂದೇ ಮಾತು ಅಂದರು: "ಬಹುತ್ ಖೂಬ್." ಅವರ ಬಾಯಿಂದ ಅದು ಬಂದದ್ದು ನನಗೆ ಅದೇ ಮೊದಲು.

ಮರಿಗಳು ಚಪ್ಪರ ಬಿಟ್ಟು ಹೊಸ ದಡ್ಡಿಗೆ ಹೋಗುವ ದಿನ ಶುಕ್ರವಾರ ಇರಲಿ ಎಂದು ಮುದುಕಿ ಹೇಳಿದಳು. ಆಗಲಿ ಎಂದೆವು. ಮುಂಜಾನೆ ಹಟ್ಟಿಯವರೆಲ್ಲ ಬಂದಿದ್ದರು, ಪಾಸು ನಪಾಸು ಎಂದು ನಕ್ಕವನೂ ಬಂದಿದ್ದ. ಮರಿಗಳ ಹಣೆಗೆ ಅರಿಷಿಣ ಹಚ್ಚಿದ್ದರು. ಯಜಮಾನನ ಹೆಂಡತಿ ಮುಂದೆ ಹಾಲಿನ ಚರಿಗೆ ಹಿಡಿದಿದ್ದಳು, ಹತ್ತೊಂಬತ್ತೂ ಆಕೆಯ ಕಾಲು ಕಾಲಿಗೆ ಸುತ್ತುತ್ತಿದ್ದವು. ನಾನು ಹಿಂದಿನಿಂದ ಹೊರಟೆ. ಬಾಗಿಲಲ್ಲಿ ಮುದುಕಿ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ನಿಂತಿದ್ದಳು. ಕಾಲ ಬಳಿ ಒಂದು ಬಿದಿರ ಬುಟ್ಟಿ, ನಮ್ಮ ಮಾತಿನಲ್ಲಿ ಪುಟ್ಟಿ, ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಹಳದಿ ಬಟ್ಟೆ.

"ಯಪ್ಪಾ, ಒಂದೀಟ ಕೈ ಹಚ್ಚು. ಸೊಂಟ ಏಳವಲ್ದು."

"ಭಾರ ಐತಿ ಆಯಿ, ಕಾಕಾನ ಕೈಯಾಗ ಕೊಡು."

"ಇದು ಗಣಸ್ರು ಹೊರೂದಲ್ಲ. ನಿಮ್ಮ ಅಮ್ಮ ಹೊತ್ತಿಲ್ಲೇನು?"

"ಹೊತ್ತಾಳ" ಎಂದೆ.

ಎತ್ತಿ ಹೊರಿಸಿದೆ. ಮುದುಕಿ ಒಂದು ಕೈಯಿಂದ ಪುಟ್ಟಿ ಹಿಡಿದು, ಇನ್ನೊಂದು ಕೈಯನ್ನು ನನ್ನ ಹೆಗಲ ಮೇಲಿಟ್ಟು ದಿಣ್ಣೆ ಹತ್ತಿದಳು. ನನ್ನ ಪುಸ್ತಕ ಕಂಕುಳಲ್ಲೇ ಇತ್ತು.

ಎರಡು ವರ್ಷ ಎಲ್ಲವೂ ಚೆನ್ನಾಗಿತ್ತು. ಮರಿಗಳು ಆಡಾದವು. ಬೇನೆ ಇಲ್ಲದ ಕಡೆಯ ಹೋತವನ್ನು ಪರೀಕ್ಷೆ ಮಾಡಿಸಿ ತಂದೆವು. ವರ್ಷಕ್ಕೊಮ್ಮೆ ಚುಚ್ಚಿ ನೋಡಿದಾಗ ಒಂದರ ಕತ್ತೂ ಬಾತುಕೊಳ್ಳಲಿಲ್ಲ. ಬೇನೆಯ ಮೊದಲ ದಿನಗಳಲ್ಲಿ ಪರೀಕ್ಷೆ ಹೀಗೂ ಸುಳ್ಳು ಹೇಳುತ್ತದೆ ಎಂಬುದು ಸಾಹೇಬರ ಪುಸ್ತಕದಲ್ಲಿ ಇತ್ತು, ನನ್ನ ಮನಸ್ಸಿನಲ್ಲಿ ಇರಲಿಲ್ಲ. ಕುಷ್ಟಗಿ ಕಡೆಯ ಹಟ್ಟಿಗಳಿಂದಲೂ ಜನ ನೋಡಲು ಬಂದರು. ಮೊದಲ ಸೂಲಿನಲ್ಲಿ ಹದಿನಾಲ್ಕು ಆಡು ಈದವು. ಈ ಸಲ ಮರಿಯನ್ನು ತಾಯಿಯ ಹತ್ತಿರವೇ ಬಿಟ್ಟೆವು. ಮೊಲೆಗೆ ಬಿದ್ದ ಮರಿಯ ಬಾಲ ಅಲ್ಲಾಡುವುದನ್ನು ನೋಡುತ್ತ ಯಜಮಾನನ ಹೆಂಡತಿ ಬಹಳ ಹೊತ್ತು ನಿಂತಿದ್ದಳು.

ಅದಾಗಿ ಎರಡು ತಿಂಗಳಿಗೆ ಯಜಮಾನ ದವಾಖಾನೆಗೆ ಬಂದ. ಹೆಗಲ ಮೇಲೆ ಏನೂ ಇರಲಿಲ್ಲ. ಒಳಗೆ ಬರದೆ ಬಾಗಿಲಲ್ಲೇ ನಿಂತು, ತನ್ನ ಗಂಟಲ ಕೆಳಗೆ ಕೈ ಇಟ್ಟು ತೋರಿಸಿದ.

ನಾನು, ಸಾಹೇಬರು ಅಂದೇ ಹೋದೆವು. ಮೂರು ಆಡಿನ ಗಂಟಲು ಬಾತಿತ್ತು. ತಿನ್ನುತ್ತಿದ್ದವು, ಮೆಲುಕು ಹಾಕುತ್ತಿದ್ದವು. ಹಿಕ್ಕೆ ತಂದು ಬಣ್ಣ ಹಾಕಿ ನೋಡಿದೆ. ನೋಡುವ ಮೊದಲೇ ಗೊತ್ತಿತ್ತು. ಮರುದಿನ ಸಾಹೇಬರು ಯಜಮಾನನನ್ನು ಎದುರಿಗೆ ಕೂಡಿಸಿಕೊಂಡು ಒಂದೊಂದಾಗಿ ಕೇಳಿದರು. ಹೊರಗಿನ ಆಡು ಬಂದಿತ್ತೇ? ಇಲ್ಲ. ಬೇರೆ ನೀರು ಕುಡಿದವೇ? ಇಲ್ಲ. ಹಳೆಯ ಜಾಗದಲ್ಲಿ ಮೇಯ್ದವೇ? ಇಲ್ಲ. ನನ್ನ ಪುಸ್ತಕದ ಗೆರೆಗಳನ್ನೆಲ್ಲ ಮತ್ತೆ ನೋಡಿದೆವು. ಎಲ್ಲಿಯೂ ತೂತು ಸಿಗಲಿಲ್ಲ.

ಮುದುಕಿ ದಡ್ಡಿಯ ಬಾಗಿಲಲ್ಲಿ ಕೂತು ನಾವು ಮಾತಾಡುವುದನ್ನು ಕೇಳುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ನನ್ನ ದನಿ ಬಂದ ಕಡೆ ಮುಖ ಮಾಡಿದಳು.

"ನಂದೇನರ ತಪ್ಪಾತೇನೋ ಯಪ್ಪಾ? ನೀ ಹಳೇ ದಡ್ಡಿ ಅಗೆಸೂದರೊಳಗ ನಾ ಮರಿ ಕೂಡೂ ಮೂಲಿದು, ಛಾವಣಿ ಬುಡಕಿಂದು, ಒಂದ ಪುಟ್ಟಿ ಹಿಕ್ಕಿ ಪುಡಿ ತಗದಿಟ್ಟಿದ್ನಿ. ಹುಲುಸು ಬಿಟ್ಟು ಬರಬಾರದಲ್ಲ. ಹೊಸಾ ದಡ್ಯಾಗ ಮರಿ ಬುಡಕ ಬೆಚ್ಚಗ ಹಾಸಿದ್ನಿ. ನೀನ ಹೊರಿಸಿದೆಲ್ಲ. ಒಂದ ಕಾಳು ಚೆಲ್ಲಿಲ್ಲ. ಅಕಿ ಯಾಕ ಮುನಿದ್ಲು?"

ಅಕಿ ಎಂದರೆ ಹಟ್ಟಿಯ ಲಕ್ಷ್ಮಿ. ನಮ್ಮಲ್ಲಿ ದಡ್ಡಿ ಬದಲಿಸುವಾಗ ಹಳೆಯ ದಡ್ಡಿಯ ಹಿಕ್ಕೆಯನ್ನು ಮನೆಯ ಹಿರಿಯ ಹೆಂಗಸು ಹೊತ್ತು ತಂದು ಹೊಸದರಲ್ಲಿ ಹರವಬೇಕು. ಇಲ್ಲದಿದ್ದರೆ ಹಿಂಡು ಹೆಚ್ಚುವುದಿಲ್ಲ. ನನಗೆ ಆರೇಳು ವರ್ಷ ಇದ್ದಾಗ ನಮ್ಮ ಅಮ್ಮನ ಹಿಂದೆ ಸೆರಗು ಹಿಡಿದು ನಾನು ನಡೆದಿದ್ದೇನೆ. ಆ ಪುಟ್ಟಿಯ ಮೇಲೂ ಬೇವಿನ ಸೊಪ್ಪಿತ್ತು. ಹಿಕ್ಕೆಯಲ್ಲಿ ಬೇನೆ ಇರುತ್ತದೆ ಎಂದು ನಾನು ಹಟ್ಟಿಯವರಿಗೆ ನೂರು ಸಲ ಹೇಳಿದ್ದೆ. ಪುಟ್ಟಿಯಲ್ಲಿ ಇದ್ದದ್ದೂ ಅದೇ ಬೇನೆಯ ಹಿಕ್ಕೆ ಎಂದು ಮುದುಕಿಗೂ ಅನಿಸಿರಲಿಲ್ಲ, ನನಗೂ ಅನಿಸಲಿಲ್ಲ. ನೆರಳಿನ ಹಿಕ್ಕೆ. ಸಾಲಿಯಲ್ಲಿ ಕಲಿತದ್ದು ಒಂದು ಕಡೆ, ಸಾಲಿಗೆ ಹೋಗುವ ಮೊದಲು ಕಲಿತದ್ದು ಇನ್ನೊಂದು ಕಡೆ ನನ್ನೊಳಗೆ ಕೂತಿದ್ದವು. ಒಂದನ್ನೊಂದು ಮಾತಾಡಿಸಿಯೇ ಇರಲಿಲ್ಲ.

"ನಿಂದೇನೂ ತಪ್ಪಿಲ್ಲ ಆಯಿ" ಎಂದೆ.

ಯಜಮಾನ ನನ್ನನ್ನು ನೋಡಿದ. ಅವನಿಗೆ ಅರ್ಥವಾಗಿತ್ತು. ಎದ್ದು, ದಿಣ್ಣೆಯ ಅಂಚಿಗೆ ನನ್ನನ್ನು ಕರೆದುಕೊಂಡು ಹೋದ.

"ಅವ್ವಗ ಹೇಳಬ್ಯಾಡ."

"ಇಲ್ಲ ಕಾಕಾ."

"ಮತ್ತ ಮರಿ ಹಿಡದು ಬ್ಯಾರೆ ಸಾಕೂನು ಅಂತ ನನಗ ಹೇಳಬ್ಯಾಡ."

ಅದನ್ನು ಹೇಳಲು ನನ್ನಲ್ಲೂ ಏನೂ ಉಳಿದಿರಲಿಲ್ಲ. ಆ ಸೂಲಿನ ಮರಿಗಳೆಲ್ಲ ಆ ತಾಯಂದಿರ ಮೊಲೆಯನ್ನೇ ಉಂಡಿದ್ದವು.

ವಾಪಸು ಬರುವಾಗ ಚಕ್ಕಡಿಯಲ್ಲಿ ಸಾಹೇಬರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ.

"ನಾನು ಕೇಳಬೇಕಾಗಿತ್ತು ಭಾಯಿ. ಮೇವು ಕೇಳಿದೆ, ನೀರು ಕೇಳಿದೆ. ದಡ್ಡಿ ಬದಲಿಸುವಾಗ ಪೂಜೆ ಏನು ಮಾಡ್ತೀರಿ ಅಂತ ಕೇಳ್ಲಿಲ್ಲ. ನೀನು ಅವರ ಪೈಕಿ ಇದ್ದಿ ಅಂತ ನಿನ್ನ ಮೇಲೆ ಬಿಟ್ಟೆ."

ದಾಖಲೆಯಲ್ಲಿ ಕಾರಣದ ಕಡೆ ಏನು ಬರೆಯಲಿ ಎಂದು ಕೇಳಿದೆ. ನಿನಗೆ ತಿಳಿದದ್ದು ಬರಿ ಎಂದರು. "ಹಳೆಯ ದಡ್ಡಿಯ ಹಿಕ್ಕೆ ಹೊಸ ದಡ್ಡಿಗೆ ಹೋಗಿದೆ, ಕಂಪೌಂಡರ್ ಹಾಜರಿದ್ದ" ಎಂದು ಉರ್ದುವಿನಲ್ಲಿ ಬರೆದೆ. ಮೇಲಿನವರು ಯಾರೂ ಅದರ ಬಗ್ಗೆ ಏನೂ ಕೇಳಲಿಲ್ಲ.

ಹಿಂಡು ಮುಂದಿನ ಬೇಸಿಗೆಯೊಳಗೆ ಮುಗಿಯಿತು. ಕೆಲವು ಸತ್ತವು, ಉಳಿದವು ಕಟುಕರಿಗೆ. ಮುದುಕಿ ದೇವಿಯ ಮುನಿಸು ಇಳಿಸಬೇಕೆಂದು ಆ ಕಣ್ಣಿನಲ್ಲೇ ಸೊಸೆಯ ಕೈ ಹಿಡಿದು ಹೇಮಗುಡ್ಡದ ಗುಡಿಗೆ ನಡೆದು ಹೋದಳಂತೆ. ಎರಡು ದಿನದ ದಾರಿ. ನಾನು ನಿಜ ಹೇಳಿದ್ದರೆ ಆಕೆ ಅಷ್ಟು ದೂರ ನಡೆಯುತ್ತಿರಲಿಲ್ಲ. ಹೇಳಿದ್ದರೆ ಮನೆಯಲ್ಲೇ ಕೂತು ಏನಾಗುತ್ತಿದ್ದಳೋ, ಅದೂ ಗೊತ್ತಿಲ್ಲ. ಆ ಮಳೆಗಾಲ ದಾಟಲಿಲ್ಲ ಆಕೆ. ಮಣ್ಣಿಗೆ ನಾನು ಹೋಗಿದ್ದೆ. ದಡ್ಡಿಯಲ್ಲಿ ಹುಲ್ಲು ಎದೆಮಟ್ಟ ಬೆಳೆದಿತ್ತು.

ಕೆಲ ವರ್ಷದ ಮೇಲೆ ಹೊಳೆಗೆ ಡ್ಯಾಮು ಕಟ್ಟುವ ಕೆಲಸ ನಡೆದಿತ್ತು. ಅಲ್ಲಿನ ಎತ್ತುಗಳ ಗೊರಸು ನೋಡಲು ನನ್ನನ್ನು ಮುನಿರಾಬಾದಿಗೆ ಕಳಿಸಿದ್ದರು. ಮಣ್ಣು ಹೊರುವ ಹೆಂಗಸರ ಸಾಲಿನಲ್ಲಿ ಯಜಮಾನನ ಹೆಂಡತಿ ಇದ್ದಳು. ನಾನು ಗುರುತು ಹಿಡಿಯುವ ಮೊದಲೇ ಆಕೆ ಹಿಡಿದಳು.

"ಕಂಪೌಂಡ್ರಲ್ಲ? ಸೊರಗೀರಿ ನೀವು."

"ಕಾಕಾ ಎಲ್ಲದಾನ್ರಿ ಅಕ್ಕಾರ?"

"ಕಲ್ಲು ಒಡ್ಯಾಕ ಹೋಗ್ಯಾನ. ಆಡು ಕಂಡ್ರ ಈಗ ದಾರಿ ಬಿಟ್ಟು ಹೋಗ್ತಾನ." ಆಕೆ ನಕ್ಕಳು. ಅಷ್ಟರಲ್ಲಿ ಹಿಂದಿನಿಂದ ಮೇಸ್ತ್ರಿ ಕೂಗಿದ. ಆಕೆ ತಲೆಯ ಮೇಲೆ ಸಿಂಬಿ ಇಟ್ಟುಕೊಂಡು, ತುಂಬಿದ ಪುಟ್ಟಿಯ ಬಳಿ ನಿಂತು, ಎತ್ತಿಕೊಡಲು ಯಾರಾದರೂ ಇದ್ದಾರೆಯೇ ಎಂದು ಆಚೀಚೆ ನೋಡಿದಳು. ಹತ್ತಿರ ಇದ್ದವನು ನಾನೊಬ್ಬನೇ.

ಬಗ್ಗಿದೆ. ಎತ್ತುವ ಮೊದಲು ಒಳಗೆ ಏನಿದೆ ಎಂದು ನೋಡಿದೆ. ಮೊರಂ ಮಣ್ಣು. ನಾನು ಹಾಗೆ ನೋಡಿದ್ದು ಆಕೆಯ ಕಣ್ಣಿಗೆ ಬಿತ್ತು. ಹೊರಿಸಿದೆ. ಆಕೆ ಹೋದಳು.

ಇದಿಷ್ಟೇ ನನಗೆ ಬರೆಯಬೇಕಾಗಿದ್ದದ್ದು. ಇದನ್ನು ಓದಿದವರಲ್ಲಿ ಆಡು, ಕುರಿ, ದನ ಸಾಕಿದವರು ಇರಬಹುದು. ನನ್ನ ಹಾಗೆ ದವಾಖಾನೆಯಲ್ಲಿ ದುಡಿದವರೂ ಇರಬಹುದು. ನಿಮ್ಮ ಕಣ್ಣೆದುರು ಹೀಗೆ ಹಿಂಡು ಹೋಗಿದ್ದರೆ, ಹೇಗೆ ಹೋಯಿತು ಎಂದು ಬರೆಯಿರಿ. ಇನ್ನೊಂದನ್ನೂ ಬರೆಯಿರಿ: ದಡ್ಡಿ ಬದಲಿಸುವಾಗ ನಿಮ್ಮ ಕಡೆಯ ಹೆಂಗಸರು ಹೊಸ ಜಾಗಕ್ಕೆ ಏನು ಹೊತ್ತು ಒಯ್ಯುತ್ತಾರೆ? ಅವತ್ತು ಬಾಗಿಲಲ್ಲಿ ನಿಂತು ಕೇಳಬೇಕಾಗಿತ್ತು. ಈಗ ಕೇಳುತ್ತಿದ್ದೇನೆ.